ಬೈಟನ್‌ವೆಲ್ಡರ್ಟಿನ ಡಾಕ್ಟರಮ್ಮ

ಡಾಕ್ಟರಮ್ಮ ತೀರಿಕೊಂಡ ಸುದ್ದಿಯನ್ನು ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯಾರೂ ಹಾಕಲಿಲ್ಲ. ಬೆಂಗಳೂರಿನಲ್ಲಿ ಯಾರದೋ ದೊಡ್ಡಪ್ಪ ಹೋದರೂ ಕೈಮುಗಿದ ಚಿತ್ರಗಳು ಸಾಲುಗಟ್ಟುವ ಗುಂಪು ಅದು. ಅವರಿಗೆ ಅಷ್ಟೂ ಸಿಗಲಿಲ್ಲ. ಹೋದ ಚಳಿಗಾಲದಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿ, ಆಸ್ಪತ್ರೆಗೆ ಸೇರಿಸಿದ ಮಾರನೆಯ ದಿನವೇ ಹೋಗಿಬಿಟ್ಟರು. ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿ ನಾನು ಅವರ ಎದುರುಮನೆಯವಳು. ಕೊರೋನಾ ಕಾಲದಲ್ಲಿ ಅವರ ಜೊತೆ ಕೆಲಸವನ್ನೂ ಮಾಡಿದವಳು. ಅವರ ಬಗ್ಗೆ ನಾಲ್ಕು ಮಾತು ಬರೆಯಲು ಈ ಊರಿನಲ್ಲಿ ಬೇರೆ ಯಾರೂ ಮುಂದೆ ಬರಲಾರರು.

ಅವರು ಗದಗಿನ ಕಡೆಯವರು. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ದುಡಿದು, ಗಂಡನ ನೌಕರಿಯ ಜೊತೆ ಆಮ್‌ಸ್ಟರ್‌ಡ್ಯಾಮಿಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಇಲ್ಲಿ ಡಾಕ್ಟರಾಗಬೇಕಾದರೆ ಮೊದಲು ಡಚ್ ಭಾಷೆಯ ಪರೀಕ್ಷೆ, ಅದರ ಮೇಲೆ ವೈದ್ಯಕೀಯದ ಪರೀಕ್ಷೆ. ಮೊದಲನೆಯದು ಮುಗಿಸಿ ಎರಡನೆಯದಕ್ಕೆ ಓದುತ್ತಿದ್ದಾಗ ಗಂಡ ಹೃದಯಾಘಾತದಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ಇನ್ನು ಊರಿಗೆ ಹೋಗುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಅವರು ಹೋಗಲಿಲ್ಲ, ಪರೀಕ್ಷೆಗೂ ಕೂರಲಿಲ್ಲ. ಗರ್ಭಪಾತಕ್ಕೆ ಅವಕಾಶವೇ ಇಲ್ಲದ ದೇಶಗಳ ಹೆಂಗಸರಿಗೆ ಇಂಟರ್ನೆಟ್ಟಿನ ಮೂಲಕ ಸಲಹೆ ಕೊಟ್ಟು, ಅಂಚೆಯಲ್ಲಿ ಮಾತ್ರೆ ತಲುಪಿಸುವ ಒಂದು ಸಣ್ಣ ಸಂಸ್ಥೆ ಇಲ್ಲಿತ್ತು. ಅದರ ಹೆಲ್ಪ್‌ಡೆಸ್ಕಿಗೆ ಸೇರಿಕೊಂಡರು. ಮಾತ್ರೆ ಬರೆದುಕೊಡುವ ಅಧಿಕಾರ ಬೇರೆ ಡಾಕ್ಟರುಗಳದ್ದು. ಇವರದು ಮೇಲ್‌ಗಳಿಗೆ ಉತ್ತರ ಬರೆಯುವ ಕೆಲಸ.

ಕುಳ್ಳಗೆ, ದಪ್ಪಗೆ ಇದ್ದರು. ಸೀರೆಯ ಮೇಲೆ ಮೊಣಕಾಲು ಮುಟ್ಟುವ ರೇನ್‌ಕೋಟು. ಸೈಕಲ್ ಕಲಿತದ್ದು ಐವತ್ತರ ನಂತರ. ಪ್ರತಿ ಸಿಗ್ನಲ್ಲಿನಲ್ಲೂ ಇಳಿದು, ಹಸುವನ್ನು ಹಿಡಿದುಕೊಂಡು ಹೋಗುವವರಂತೆ ಸೈಕಲ್ಲನ್ನು ಪಕ್ಕದಲ್ಲಿ ನಡೆಸಿಕೊಂಡು ರಸ್ತೆ ದಾಟುತ್ತಿದ್ದರು. ಡಚ್ ಮಕ್ಕಳು ನಗುತ್ತಿದ್ದವು. "ನಗಲಿ ಬಿಡು. ಬಿದ್ದರ ಎಬ್ಬಸಾಕ ಈ ದೇಶದಾಗ ನನಗ್ಯಾರದಾರ?" ಎನ್ನುತ್ತಿದ್ದರು.

ನಾನು ಮೈಸೂರಿನವಳು. ವಿಮಾನ ನಿಲ್ದಾಣದ ಹತ್ತಿರದ ಹೋಟೆಲೊಂದರ ರಿಸೆಪ್ಷನ್ನಿನಲ್ಲಿದ್ದೆ. ಮೊದಲ ಲಾಕ್‌ಡೌನ್ ಬಂದದ್ದೇ ಹೋಟೆಲು ಬಾಗಿಲು ಹಾಕಿತು, ನನ್ನ ಕೆಲಸ ಹೋಯಿತು. ಒಂದು ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತ ಅಳುತ್ತಿದ್ದದ್ದನ್ನು ಅವರು ಎದುರಿನ ಬಾಗಿಲಿನಿಂದ ನೋಡಿದರು. ಸಮಾಧಾನ ಹೇಳಲಿಲ್ಲ.

"ಟೈಪ್ ಮಾಡಾಕ ಬರತೈತೇನು?"

"ಬರುತ್ತೆ ಡಾಕ್ಟ್ರೇ."

"ಇಂಗ್ಲಿಷ್ ಐತಿ. ಹಿಂದಿನೂ ಬರತಿರಬೇಕು. ನಮ್ಮಲ್ಲಿ ಮಂದಿ ಬೇಕಾಗ್ಯಾರ." ಎಂಥ ಕೆಲಸ ಎಂದು ಬಿಡಿಸಿ ಹೇಳಿದರು. ನಾನು ಕೈಯಲ್ಲಿದ್ದ ಬಟ್ಟೆಯನ್ನು ಮತ್ತೆ ಹಿಂಡತೊಡಗಿದ್ದನ್ನು ಕಂಡು, "ಬ್ಯಾಡಾದ್ರ ಬ್ಯಾಡವಾ. ವಿಚಾರ ಮಾಡು. ಹೂಂ ಅನ್ನಂಗಿದ್ರ ನಾಳೆ ಚಾಕ್ಕ ಬಾ" ಎಂದರು.

ಹೋದೆ. ಅವರ ಊಟದ ಮೇಜಿನ ಎರಡು ತುದಿಗೆ ಎರಡು ಲ್ಯಾಪ್‌ಟಾಪು, ಸೋಂಕಿನ ಭಯಕ್ಕೆ ಕಿಟಕಿ ಸದಾ ತೆರೆದೇ. ಚಳಿಗೆ ಬೆರಳು ಸೆಟೆದುಕೊಳ್ಳುತ್ತಿದ್ದವು. ನನ್ನ ಮೊದಲ ಉತ್ತರವನ್ನು ಅವರು ಕನ್ನಡಕ ಏರಿಸಿ ಓದಿದರು. "ನಿಮ್ಮ ಪರಿಸ್ಥಿತಿ ಏನು ಎಂದು ತಿಳಿಸುತ್ತೀರಾ" ಎಂದು ನಾನು ಬಹಳ ನಯವಾಗಿ ಬರೆದಿದ್ದೆ.

"ಇದನ್ನ ತಗಿ."

"ಯಾಕೆ ಡಾಕ್ಟ್ರೇ?"

"'ಯಾಕ' ಅಂತ ಊರೆಲ್ಲಾ ಕೇಳಿರತಾರ ಆಕಿಗೆ. ನಾವು 'ಯಾವಾಗ' ಅಂತ ಅಷ್ಟ ಕೇಳೂದು. ಕಡೀ ಮುಟ್ಟು ಯಾವಾಗ? ಅಷ್ಟು ಗೊತ್ತಾದ್ರ ಆಕಿಗೆ ಏನ್ ಮಾಡಬೇಕು ಅನ್ನೂದು ಗೊತ್ತಾಗತೈತಿ."

ತಮ್ಮ ಊರಿನ ಆಸ್ಪತ್ರೆಯ ಬಗ್ಗೆ ಅವರು ಮಾತಾಡುತ್ತಿದ್ದದ್ದು ಕಡಿಮೆ. ಒಮ್ಮೆ ಮಾತ್ರ ಹೇಳಿದರು. ಎಲ್ಲೆಲ್ಲೋ ಯಾರ ಕೈಯಲ್ಲೋ ಬಸಿರು ತೆಗೆಸಿಕೊಂಡು, ನಂಜೇರಿ ಬರುತ್ತಿದ್ದ ಹೆಂಗಸರನ್ನು ವಾರ್ಡಿನ ಕಡೆಯ ಮಂಚಕ್ಕೆ, ಕಕ್ಕಸಿನ ಬಾಗಿಲ ಪಕ್ಕಕ್ಕೆ ಹಾಕುತ್ತಿದ್ದರಂತೆ. ಹೋಗಿಬರುವ ನರ್ಸು, ಆಯಾ ಎಲ್ಲರೂ ಒಂದು ಮಾತು ಬೈದೇ ಮುಂದೆ ಹೋಗುವುದು. "ಸಾಯಾಕತ್ತಾಕಿ ಕಿವ್ಯಾಗ ಕಡೀ ಮಾತು ಅದ" ಎಂದರು. ಅದಕ್ಕೇ ಇರಬೇಕು, ಇಲ್ಲಿ ಮೊದಲ ಸಲ ಗರ್ಭಪಾತದ ಕ್ಲಿನಿಕ್ಕೊಂದನ್ನು ನೋಡಿದ ದಿನವನ್ನು ಅವರು ಮತ್ತೆ ಮತ್ತೆ ವರ್ಣಿಸುತ್ತಿದ್ದರು. ಕಿಟಕಿಯ ಪಕ್ಕ ಒಳ್ಳೆಯ ಕುರ್ಚಿಗಳು, ಕುಂಡದಲ್ಲಿ ಗಿಡ. ಬಾಗಿಲು ತೆರೆದ ಹೆಂಗಸು ಒಳಗೆ ಬಂದ ಹುಡುಗಿಯನ್ನು ನೋಡಿ, ಹೊರಗೆ ತುಂಬಾ ಚಳಿ ಅಲ್ಲವೇ, ಚಹಾ ಕುಡಿಯುತ್ತೀಯಾ ಎಂದು ಕೇಳಿದಳಂತೆ. "ನಾ ಪಾಯಖಾನಿಗೆ ಹೋಗಿ ಅತ್ತು ಬಂದೆ ನೋಡು. ಬರೇ ಒಂದು ಕಪ್ ಚಾ ಕೇಳಿದ್ದಕ್ಕ."

ಸೋಂಕಿನ ಕಾಲದಲ್ಲಿ ಮೇಲ್‌ಗಳು ಹೆಚ್ಚುತ್ತಲೇ ಹೋದವು. ವಿಮಾನಗಳಿಲ್ಲ, ಅಂಚೆ ಎಲ್ಲೆಲ್ಲೋ ಸಿಕ್ಕಿಕೊಂಡಿತ್ತು. ಒಂದು ದ್ವೀಪದೇಶದ ಶಾಲಾ ಟೀಚರೊಬ್ಬಳು ದಿನಕ್ಕೆರಡು ಸಲ ಬರೆಯುತ್ತಿದ್ದಳು, ಪಾರ್ಸೆಲ್ ಎಲ್ಲಿಗೆ ಬಂತು, ಎಲ್ಲಿಗೆ ಬಂತು ಎಂದು. ಡಾಕ್ಟರಮ್ಮ ಎರಡಕ್ಕೂ ಉತ್ತರಿಸುತ್ತಿದ್ದರು. ಒಂದು ದಿನ ಮೇಲ್ ನಿಂತಿತು. ಪಾರ್ಸೆಲ್ ತಲುಪಿತೋ, ಅವಳು ಬೇರೆ ದಾರಿ ಹಿಡಿದಳೋ, ತಿಳಿಯಲಿಲ್ಲ. ನಾನು ವಾರಗಟ್ಟಲೆ ಅವಳ ಹೆಸರನ್ನೇ ಹುಡುಕುತ್ತಿದ್ದದ್ದನ್ನು ಕಂಡು ಗದರಿದರು. "ಕೊನಿ ಗೊತ್ತಾಗೂದಿಲ್ಲವಾ ನಮಗ. ಗೊತ್ತಾಗಬೇಕಂತ ಹಟ ಹಿಡಿದ್ರ ಈ ಕೆಲಸ ಮಾಡಾಕ ಆಗೂದಿಲ್ಲ."

ಒಬ್ಬಳ ಕೊನೆ ಮಾತ್ರ ನಮ್ಮಿಬ್ಬರಿಗೂ ಗೊತ್ತಾಯಿತು.

ಅದು ಮೊದಲ ವರ್ಷದ ಶರತ್ಕಾಲ. ಮತ್ತೆ ನಿರ್ಬಂಧಗಳು ಬಿಗಿಯಾಗುತ್ತಿದ್ದವು. ಹೆಲ್ಪ್‌ಡೆಸ್ಕಿಗೆ ಬಂದ ಒಂದು ಇಂಗ್ಲಿಷ್ ಮೇಲಿನಲ್ಲಿ ದೇಶದ ಹೆಸರಿನ ಕಡೆ ನೆದರ್ಲೆಂಡ್ಸ್ ಎಂದಿತ್ತು, ಬರೆದವಳ ಹೆಸರು ಕನ್ನಡದ್ದು. ಇಲ್ಲಿ ಗರ್ಭಪಾತಕ್ಕೆ ಕಾನೂನಿನ ಅಡ್ಡಿಯಿಲ್ಲ. ಕ್ಲಿನಿಕ್ಕುಗಳಿವೆ, ಇಲ್ಲಿ ವಾಸವಿರುವವರಿಗೆ ಖರ್ಚೂ ಇಲ್ಲ. ಆದರೆ ಮಾತ್ರೆಯನ್ನು ಕ್ಲಿನಿಕ್ಕಿಗೇ ಹೋಗಿ ತೆಗೆದುಕೊಳ್ಳಬೇಕು ಎಂಬುದು ಆಗಿನ ನಿಯಮ. ಲಾಕ್‌ಡೌನ್ ಮುಗಿಯುವ ತನಕವಾದರೂ ಅಂಚೆಯಲ್ಲಿ ಕಳಿಸಲು ಬಿಡಿ ಎಂದು ಕೇಳಿಕೊಂಡವರಿಗೆ ಕೋರ್ಟಿನಲ್ಲೂ ಆಗುವುದಿಲ್ಲ ಎಂಬ ಉತ್ತರವೇ ಬಂದಿತ್ತು. ಇನ್ನೊಂದು ನಿಯಮವೂ ಇತ್ತು. ಮೊದಲ ಸಲ ಡಾಕ್ಟರ ಹತ್ತಿರ ಮಾತಾಡಿದ ಮೇಲೆ, ಯೋಚಿಸಿ ನೋಡಲು ಐದು ದಿನ ಕಾಯಲೇಬೇಕು. ದೂರದ ದೇಶಗಳಿಗೆ ದಿನವೂ ಮಾತ್ರೆಯ ವ್ಯವಸ್ಥೆ ಮಾಡುತ್ತಿದ್ದ ನಾವು, ನಮ್ಮ ಮನೆಯಿಂದ ಮೂರು ಟ್ರಾಮ್ ನಿಲ್ದಾಣದಾಚೆ ಇದ್ದ ಹುಡುಗಿಗೆ ಕಳಿಸುವಂತಿರಲಿಲ್ಲ.

ಡಾಕ್ಟರಮ್ಮ ಅವಳಿಗೆ ಕನ್ನಡದಲ್ಲೇ ಉತ್ತರ ಬರೆದರು. ಅವಳು ತುಮಕೂರಿನವಳು. ಮದುವೆಯಾಗಿ ಬಂದು ಒಂದು ವರ್ಷ ಆಗಿರಲಿಲ್ಲ. ಗಂಡ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಅವಳ ಫೋನು ನೋಡುತ್ತಿದ್ದ, ಎಲ್ಲಿ ಹೋದರೂ ಜೊತೆಗೆ ಹೋಗುತ್ತಿದ್ದ. ನಮ್ಮ ಮೇಲ್‌ಗಳನ್ನು ಅವಳು ಓದಿದ ಕೂಡಲೇ ಅಳಿಸಿಹಾಕುತ್ತಿದ್ದಳಂತೆ. ಸೂಪರ್‌ಮಾರ್ಕೆಟ್ಟಿನೊಳಗೆ ಮಾತ್ರ ಅವಳು ಒಬ್ಬಳೇ. ಸಾಮಾನಿನ ತಳ್ಳುಗಾಡಿಗೆ ಒಬ್ಬರಂತೆ, ಮನೆಗೆ ಒಬ್ಬರೇ ಬನ್ನಿ ಎಂಬ ಕೊರೋನಾ ನಿಯಮದಿಂದಾಗಿ ಅವನು ಬಾಗಿಲ ಹೊರಗೆ ನಿಲ್ಲಬೇಕಾಗುತ್ತಿತ್ತು.

"ಹಂಗಾರ ಅಲ್ಲೇ ನೋಡೂಣು ಆಕಿನ್ನ" ಎಂದರು ಡಾಕ್ಟರಮ್ಮ.

ನಾವಿಬ್ಬರೂ ಒಂದೊಂದು ಗಾಡಿ ತಳ್ಳಿಕೊಂಡು ಒಳಗೆ ಹೋದೆವು. ಅವಳು ಅಕ್ಕಿಯ ಶೆಲ್ಫಿನ ಮುಂದಿದ್ದಳು. ನೇರಳೆ ಜಾಕೆಟ್ಟು, ಬಿಗಿಯಾಗಿ ಹೆಣೆದ ಜಡೆ, ಮುಖಕ್ಕೆ ಮಾಸ್ಕು.

"ನೀವೇನಾ ಅಕ್ಕ?"

"ನಾನವಾ. ನನ್ನ ಕಡೆ ನೋಡಬ್ಯಾಡ, ಅಕ್ಕಿ ನೋಡಕೋತ ಮಾತಾಡು. ಕಡೀ ಮುಟ್ಟು ಯಾವಾಗ?"

ಹೇಳಿದಳು. ಎಂಟು ವಾರ ತುಂಬಿತ್ತು.

"ನಿನಗ ಬ್ಯಾಡಾ?"

"ಬೇಡ ಅಕ್ಕ."

"ಖಾತ್ರಿ?"

"ಇಲ್ಲಿಗೆ ಬಂದ ಮೇಲೆ ನಂಗೆ ಖಾತ್ರಿಯಾಗಿ ಗೊತ್ತಿರೋದು ಇದೊಂದೇ."

ಅವಳು ಮೇಲಿನ ಚೀಲಕ್ಕೆ ಕೈ ಚಾಚಿದಾಗ ತೋಳು ಸರಿದು, ಮಣಿಕಟ್ಟಿನ ಮೇಲೆ ಹಳದಿಗೆ ತಿರುಗಿದ ಕಲೆಗಳು ಕಂಡವು. ಡಾಕ್ಟರಮ್ಮನೂ ನೋಡಿದರು. "ಇಲ್ಲಿ ಇದಕ್ಕೆಲ್ಲಾ ಸಹಾಯ ಮಾಡೋರದಾರ. ಪೊಲೀಸರೂ ಕೇಳತಾರ. ಹೇಳಲೇನು?"

"ಬೇಡ ಅಕ್ಕ, ಪ್ಲೀಸ್. ನನ್ನ ವೀಸಾ ಅವರ ಮೇಲಿದೆ. ಮೊದ್ಲು ಇದೊಂದು ಮುಗೀಲಿ."

ಡಾಕ್ಟರಮ್ಮ ತಮ್ಮ ಫೋನಿನಲ್ಲಿ ಕ್ಲಿನಿಕ್ಕಿನ ಡಾಕ್ಟರನ್ನು ಹಿಡಿದು ಅವಳ ಕೈಗೆ ಕೊಟ್ಟರು. ಅವಳು ಬೇಳೆಯ ಪೊಟ್ಟಣ ಓದುತ್ತಿರುವವಳಂತೆ ನಿಂತು ಮಾತಾಡಿದಳು. ಆ ಡಾಕ್ಟರು ಆ ಮಾತುಕತೆಯನ್ನೇ ಮೊದಲ ಭೇಟಿಯೆಂದು ಲೆಕ್ಕಕ್ಕೆ ಹಿಡಿದು, ಐದು ದಿನ ಕಳೆದ ಕೂಡಲೇ ಬಾ, ಬೆಳಿಗ್ಗೆ ಯಾವ ಹೊತ್ತಿಗೆ ಬಂದರೂ ಮೊದಲು ನಿನ್ನನ್ನೇ ಕರೆಯುತ್ತೇವೆ ಎಂದರಂತೆ. ಅಂಗಡಿಗೆ ಶಾಪಿಂಗ್ ಸೆಂಟರಿನ ಕಡೆಗೆ ಇನ್ನೊಂದು ಬಾಗಿಲಿತ್ತು. ಅಲ್ಲಿಂದ ನಾನು ಕಾರಿನಲ್ಲಿ ಕರೆದೊಯ್ಯುವುದೆಂದು ಮಾತಾಯಿತು.

"ತಡ ಆದ್ರ ಏನಂತ ಹೇಳತಿ?"

"ಕ್ಯೂ ಇತ್ತು ಅಂತೀನಿ. ಬೈತಾರೆ. ಬೈಸ್ಕೋತೀನಿ ಬಿಡಿ."

ಆ ಐದು ದಿನಗಳಲ್ಲಿ ಡಾಕ್ಟರಮ್ಮ ಎರಡು ಸಲ ಕ್ಲಿನಿಕ್ಕಿಗೆ ಫೋನು ಮಾಡಿ ಎಲ್ಲ ಸರಿಯಿದೆಯೆಂದು ಖಚಿತ ಮಾಡಿಕೊಂಡರು. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಹೊದಿಕೆ ಇಡಿಸಿದರು. ಹೋಗಬೇಕಾದ ಹಿಂದಿನ ದಿನ ಅವಳ ಮೇಲ್ ಬಂತು. ಗಂಡನಿಗೆ ಜ್ವರ, ಪರೀಕ್ಷೆಯಲ್ಲಿ ಪಾಸಿಟಿವ್. ಇಬ್ಬರೂ ಮನೆಯಿಂದ ಹೊರಗೆ ಬರುವಂತಿಲ್ಲ. ಕ್ಲಿನಿಕ್ಕೂ ಕ್ವಾರಂಟೈನಿನಲ್ಲಿದ್ದವರನ್ನು ಒಳಗೆ ಬಿಡುವಂತಿರಲಿಲ್ಲ. ಮೇಲಿನ ಕೊನೆಗೆ ಅವಳು ಹೀಗೆ ಬರೆದಿದ್ದಳು: ಅಕ್ಕ, ದಿನಸಿ ತಂದುಕೊಡೋಕೆ ನಮ್ಮ ಕನ್ನಡದವರು ಬರ್ತಾರಂತೆ, ಅಕ್ಕಿ ಚೀಲದೊಳಗೆ ಮಾತ್ರೆ ಇಟ್ಟು ಕಳಿಸಿ.

ಕನ್ನಡಿಗರ ಗುಂಪಿನಿಂದ ಸೋಂಕಿತರ ಮನೆಗೆ ದಿನಸಿ ತಲುಪಿಸುವ ಸರದಿ ಆ ವಾರ ನನ್ನದೇ ಆಗಿತ್ತು. "ಇಟ್ಬಿಡೋಣ ಡಾಕ್ಟ್ರೇ. ನಿಮಗೆ ಮಾತ್ರೆ ಹೊಂದಿಸೋದು ಕಷ್ಟವೇ?" ಎಂದೆ.

ಅವರು ಆ ಮೇಲ್ ಅನ್ನು ಮತ್ತೆ ಮತ್ತೆ ಓದುತ್ತ ಸಂಜೆಯವರೆಗೆ ಕೂತರು. ಚಹಾ ಆರಿಹೋಯಿತು. ದೀಪ ಹಚ್ಚುವ ಹೊತ್ತಿಗೆ, "ಬ್ಯಾಡ" ಎಂದರು.

"ಯಾಕೆ?"

"ರಕ್ತ ಹೆಚ್ಚಾದ್ರ ಆಂಬ್ಯುಲೆನ್ಸ್ ಕರಿಯೋರ್ಯಾರು? ಅಂವ ಕರೀತಾನ? ಮತ್ತ ಸಿಕ್ಕಬಿದ್ದೀವಿ ಅಂದ್ರ ಸಂಸ್ಥಾಕ್ಕ ಬೀಗ ಹಾಕ್ತಾರ. ಆ ಕಡೆ ಅಷ್ಟು ದೇಶದಾಗ ಕಾಯಾಕತ್ತೋರು ಏನ್ ಮಾಡಬೇಕು?" ಕ್ಯಾಲೆಂಡರು ನೋಡಿ, "ಕ್ವಾರಂಟೈನ್ ಮುಗೀಲಿ. ಮುಗಿದ ದಿನಾನ ಕರಕೊಂಡು ಹೋಗೂಣು" ಎಂದರು. ಅವಳಿಗೂ ಹಾಗೇ ಬರೆದರು.

ಮಾರನೆಯ ದಿನ ಅಕ್ಕಿ, ಹಾಲು, ಜ್ವರದ ಮಾತ್ರೆ ತೆಗೆದುಕೊಂಡು ಹೋದೆ. ಗಂಟೆ ಒತ್ತಿ, ಚೀಲ ಇಟ್ಟು ಹಿಂದೆ ಸರಿದು ನಿಂತೆ. ಬಾಗಿಲು ತೆರೆದವನು ಅವನು. ಬಹಳ ಸಭ್ಯವಾಗಿ ಥ್ಯಾಂಕ್ಸ್ ಹೇಳಿದ. ಆಮೇಲೆ ಹೊಸ್ತಿಲಲ್ಲೇ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಸಾಮಾನು ಹೊರತೆಗೆದು ಒರೆಸತೊಡಗಿದ. ಅಕ್ಕಿ ಚೀಲದ ಬಾಯಿ ಬಿಚ್ಚಿ ಕೈಯಾಡಿಸಿ ನೋಡಿದ. ಅವಳು ಒಳಗಿನ ಕೋಣೆಯ ಬಾಗಿಲಲ್ಲಿ ಮಾಸ್ಕು ಹಾಕಿ ನಿಂತು ಅವನ ಕೈಯನ್ನೇ ನೋಡುತ್ತಿದ್ದಳು.

ಬಂದು ಹೇಳಿದೆ. "ನೀವು ಹೇಳಿದ್ದೇ ಸರಿ ಡಾಕ್ಟ್ರೇ. ಇಟ್ಟಿದ್ರೆ ಸಿಕ್ಕಿಹಾಕ್ಕೋತಿದ್ಲು."

"ಸರಿ ಆತು ಅಂದ್ರ ಏನ್ ಆತು? ಆಕಿ ಹಂಗ ಅದಾಳಲ್ಲ" ಎಂದರು.

ಕ್ವಾರಂಟೈನ್ ಮುಗಿದ ದಿನದಿಂದ ಡಾಕ್ಟರಮ್ಮ ಪ್ರತಿ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಹೋಗಿ ಆ ಶೆಲ್ಫಿನ ಆಸುಪಾಸಿನಲ್ಲಿ ಓಡಾಡುತ್ತಿದ್ದರು. ಕ್ಲಿನಿಕ್ಕಿನಲ್ಲಿ ಅವಳ ಹೆಸರನ್ನು ಹಾಗೇ ಇಟ್ಟುಕೊಂಡಿದ್ದರು. ಅವಳು ಬರಲಿಲ್ಲ. ವಾರ ಕಳೆದ ಮೇಲೆ ಮೇಲ್ ಬಂತು. "ಅಕ್ಕ, ಬೆಂಗಳೂರಲ್ಲಿದ್ದೀನಿ. ವಾಂತಿ ಮಾಡೋದು ನೋಡಿ ಅವರಿಗೆ ಗೊತ್ತಾಯ್ತು. ಸ್ಪೆಷಲ್ ಫ್ಲೈಟ್‌ನಲ್ಲಿ ಕಳಿಸಿಬಿಟ್ರು. ಅತ್ತೆ ಮನೇಲಿದ್ದೀನಿ. ಎಲ್ರಿಗೂ ಖುಷಿಯಾಗಿದೆ."

ಅಲ್ಲಿಯೂ ಕಾನೂನಿದೆ, ಆಸ್ಪತ್ರೆಗಳಿವೆ ಎಂದು ಡಾಕ್ಟರಮ್ಮ ಬರೆದರು. ಒಬ್ಬ ಪರಿಚಯದ ಡಾಕ್ಟರ ವಿಳಾಸವನ್ನೂ ಕೊಟ್ಟರು. ಅತ್ತೆ ನನ್ನೊಬ್ಬಳನ್ನೇ ಎಲ್ಲಿಗೂ ಕಳಿಸಲ್ಲ ಎಂದು ಉತ್ತರ ಬಂತು. ಇನ್ನು ಅವಳ ವಿಷಯ ಮುಗಿಯಿತೆಂದು ನಾನು ತಿಳಿದೆ. ಡಾಕ್ಟರಮ್ಮ ಹಾಗೆ ತಿಳಿಯಲಿಲ್ಲ. "ಈಗ ಆಕಿ ಬಸರಿ ಅದಾಳ. ಬಸರಿಗೆ ಏನ್ ಬೇಕೋ ಅದನ್ನ ಹೇಳೂಣು" ಎಂದು, ಯಾವ ತಿಂಗಳಲ್ಲಿ ಯಾವ ಪರೀಕ್ಷೆ, ಕಾಲು ಊದಿದರೆ ಏನು, ತಲೆ ಸುತ್ತಿದರೆ ಏನು ಎಂದು ಬರೆಯುತ್ತ ಹೋದರು. ಅವಳೂ ಸಂದು ಸಿಕ್ಕಾಗ ಎರಡು ಸಾಲು ಬರೆಯುತ್ತಿದ್ದಳು. ಒಮ್ಮೆ, "ಅಕ್ಕ, ಮಗು ಒದೆಯುತ್ತೆ. ನಂಗೆ ಏನೂ ಅನ್ಸಲ್ಲ. ಇದು ತಪ್ಪಾ?" ಎಂದು ಕೇಳಿದ್ದಳು. ತಪ್ಪಲ್ಲ ಎಂಬ ಒಂದೇ ಪದವನ್ನು ಬರೆದು ಕಳಿಸಲು ಡಾಕ್ಟರಮ್ಮನಿಗೆ ಬಹಳ ಹೊತ್ತು ಹಿಡಿಯಿತು.

ದಿನ ತುಂಬಿದ್ದು ಮೇ ತಿಂಗಳಿಗೆ. ಬೆಂಗಳೂರಿನಲ್ಲಿ ಎರಡನೆಯ ಅಲೆ. ಹಾಸಿಗೆ ಇಲ್ಲ, ಆಮ್ಲಜನಕ ಇಲ್ಲ. ನಾವೆಲ್ಲ ಇಲ್ಲಿಂದ ಊರಿನ ಯಾರ ಯಾರಿಗೋ ಹಾಸಿಗೆ ಹುಡುಕುತ್ತ ಫೋನಿಗೆ ಅಂಟಿಕೊಂಡಿದ್ದ ದಿನಗಳು. ಒಂದು ಮಧ್ಯಾಹ್ನ ಕನ್ನಡಿಗರ ಗುಂಪಿನಲ್ಲಿ ಅವಳ ಮದುವೆಯ ಫೋಟೋ ಬಂತು, ಕೆಳಗೆ ಓಂ ಶಾಂತಿ. ಸೋಂಕು ತಗಲಿ ಮೂರು ಆಸ್ಪತ್ರೆ ಅಲೆದರಂತೆ. ಕೊನೆಯದರಲ್ಲಿ ಹೊಟ್ಟೆ ಕೊಯ್ದು ಮಗುವನ್ನು ಉಳಿಸಿದರಂತೆ. ಅವಳು ಮಾರನೆಯ ದಿನ ಹೋದಳು. ಅವಳ ಮುಖವನ್ನು ಪೂರ್ತಿಯಾಗಿ ನಾನು ನೋಡಿದ್ದು ಆ ಫೋಟೋದಲ್ಲಿ.

ಓಡಿ ಡಾಕ್ಟರಮ್ಮನ ಮನೆಗೆ ಹೋದೆ. ಅವರೂ ನೋಡಿದ್ದರು. ಕಿಟಕಿ ತೆರೆದಿತ್ತು, ಅವರು ಮೇಜಿಗೆ ಎರಡೂ ಕೈ ಊರಿ ನಿಂತಿದ್ದರು. ಗುಂಪಿನಲ್ಲಿ ಒಂದಾದ ಮೇಲೊಂದು ಬರುತ್ತಿದ್ದ ಕೈಮುಗಿದ ಚಿತ್ರಗಳ ಸದ್ದಿಗೆ ಫೋನು ಮೇಜಿನ ಮೇಲೆ ನಡುಗುತ್ತಿತ್ತು.

"ಕೊರೋನಾ ಬಂದು ಸತ್ಲು ಅಂತಾರ. ಖರೇನ ಐತಿ. ಸುಳ್ಳಂತೂ ಅಲ್ಲ" ಎಂದರು. ಫೋನನ್ನು ಮಗುಚಿಟ್ಟು, "ಐದು ದಿನ ಕಾಯಬೇಕಾಗಿತ್ತು ನೋಡು ಆಕಿ. ವಿಚಾರ ಮಾಡಾಕಂತ" ಎಂದರು.

ಆ ಮೇಲೆ ಕೆಲವು ವಾರ ಅವರು ಲ್ಯಾಪ್‌ಟಾಪು ತೆರೆಯಲಿಲ್ಲ. ಮತ್ತೆ ಕೂತಾಗಲೂ ಹಿಂದಿನವರಾಗಿರಲಿಲ್ಲ. ಉತ್ತರಗಳು ಅಷ್ಟೇ ಮೃದು, ಆದರೆ ನನ್ನ ಜೊತೆ ಮಾತು ಕಡಿಮೆಯಾಯಿತು. ಕ್ಲಿನಿಕ್ಕಿನ ಚಹಾದ ಕಥೆ ಹೇಳುವುದನ್ನು ಬಿಟ್ಟರು. ಕಾಯುವ ದಿನಗಳ ನಿಯಮ ತೆಗೆಯಬೇಕೆಂದು ಸಂಸತ್ತಿರುವ ದ ಹೇಗ್‌ನಲ್ಲಿ ಹೆಂಗಸರು ಸೇರುತ್ತಾರೆಂದು ತಿಳಿದರೆ ರೈಲು ಹತ್ತಿ ಹೋಗಿ, ರೇನ್‌ಕೋಟಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಬರುತ್ತಿದ್ದರು. ಕೊನೆಗೊಂದು ದಿನ ಆ ನಿಯಮವನ್ನು ತೆಗೆದೇಬಿಟ್ಟರು. ನಾನು ಸಿಹಿ ತೆಗೆದುಕೊಂಡು ಹೋದೆ. "ಛಲೋ ಆತು" ಎಂದರು. ಸಿಹಿ ಮುಟ್ಟಲಿಲ್ಲ.

ಅದಕ್ಕೆ ಸ್ವಲ್ಪ ಮುಂಚೆ, ನಿರ್ಬಂಧಗಳೆಲ್ಲ ಹೋಗಿ ದೀಪಾವಳಿಗೆ ಕನ್ನಡಿಗರು ಸೇರಿದ್ದಾಗ ತೀರಿಹೋದವಳ ಗಂಡನೂ ಬಂದಿದ್ದ. ಪಕ್ಕದಲ್ಲಿ ಹೊಸ ಹೆಂಡತಿ. ಮಗು ಬೆಂಗಳೂರಿನಲ್ಲಿ ಅಜ್ಜಿಯ ಹತ್ತಿರ. ಎಲ್ಲರೂ ಅವನ ಬೆನ್ನು ತಟ್ಟಿ, ಹೋಗಲಿ, ಜೀವನ ಮತ್ತೆ ಶುರುವಾಯಿತಲ್ಲ ಎನ್ನುತ್ತಿದ್ದರು. ಡಾಕ್ಟರಮ್ಮ ತಟ್ಟೆ ಹಿಡಿದು ನೇರ ಹೋಗಿ ಆ ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಏನೋ ಮಾತಾಡಿದರು, ಅವಳು ತಲೆಯಾಡಿಸಿದಳು. ಅವನು ಬಂದು ನಿಂತ.

"ಏನ್ ಮೇಡಂ, ಏನ್ ಹೇಳ್ತಿದೀರಾ ನನ್ ವೈಫ್‌ಗೆ?"

"ನನ್ನ ಮನಿ ಎಲ್ಲೈತಿ ಅಂತ ಹೇಳಾಕತ್ತೀನಪಾ. ಈ ಊರಾಗ ಆಕಿಗೆ ಯಾರೂ ಗೊತ್ತಿಲ್ಲಲ್ಲ."

"ಅದರ ಅಗತ್ಯ ಇಲ್ಲ."

"ನಿನಗಿಲ್ಲ" ಎಂದರು ಡಾಕ್ಟರಮ್ಮ. ಸುತ್ತಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ. ಅವನು ಹೆಂಡತಿಯನ್ನು ಊಟದ ನಡುವೆಯೇ ಎಬ್ಬಿಸಿಕೊಂಡು ಹೋದ. ಸಂಸಾರ ಒಡೆಯುವ ಹೆಂಗಸು, ಅವಳು ಮಾಡುವ ಕೆಲಸವೇ ಅಂಥದ್ದು ಎಂದು ಗುಂಪಿನಲ್ಲಿ ಬರೆದ. ಆ ಮೇಲೆ ಡಾಕ್ಟರಮ್ಮನನ್ನು ಯಾರೂ ಯಾವ ಹಬ್ಬಕ್ಕೂ ಕರೆಯಲಿಲ್ಲ. ಅವರೂ ಕೇಳಲಿಲ್ಲ.

ಅವರ ಅಂತ್ಯಕ್ರಿಯೆಯ ದಿನ ಸಭಾಂಗಣದಲ್ಲಿದ್ದವರು ಹೆಚ್ಚಿನಂಶ ಡಚ್ ಹೆಂಗಸರು, ಸಂಸ್ಥೆಯವರು, ಕ್ಲಿನಿಕ್ಕಿನವರು. ಗದಗಿನಲ್ಲಿರುವ ಅವರ ತಮ್ಮ, ಫೋನಿನ ಪರದೆಯಲ್ಲಿ ಅಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬಳು ನಮ್ಮವಳು ಕೂತಿದ್ದಳು. ಎಲ್ಲ ಮುಗಿದು ಕಾಫಿ ಕೊಡುವಾಗ ಹತ್ತಿರ ಬಂದಳು. ದೀಪಾವಳಿಯಲ್ಲಿ ಕಂಡ ಆ ಹುಡುಗಿ.

"ಈಗ ರಾಟರ್‌ಡ್ಯಾಮ್‌ನಲ್ಲಿದೀನಿ ಅಕ್ಕ, ಒಬ್ಳೇ. ಅವರ ಮನೆಗೇ ಮೊದ್ಲು ಬಂದಿದ್ದು. ವಕೀಲರ ಹತ್ರ, ಮುನಿಸಿಪಾಲಿಟಿ ಆಫೀಸಿಗೆ, ಎಲ್ಲಾ ಕಡೆ ಅವರೇ ಜೊತೆಗೆ ಬಂದ್ರು. ನಾನು ಅವರಿಗೆ ಯಾರೂ ಅಲ್ಲ. ಯಾಕೆ ಅಷ್ಟು ಮಾಡಿದ್ರೋ ಗೊತ್ತಿಲ್ಲ."

ಎದುರುಮನೆಯಲ್ಲಿದ್ದೂ ನನಗೆ ಇದಾವುದೂ ಗೊತ್ತಿರಲಿಲ್ಲ. ಮೊದಲನೆಯವಳ ವಿಷಯವನ್ನು ಡಾಕ್ಟರಮ್ಮ ಇವಳಿಗೂ ಹೇಳಿರಲಿಲ್ಲ. ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕೂತು ನಾನು ಹೇಳಿದೆ. ನಾವು ಹತ್ತಬೇಕಾದ ಟ್ರಾಮು ಬಂದು ಹೋಯಿತು.

"ಇದನ್ನ ಬರೀರಿ ಅಕ್ಕ. ಹೆಸರು ಯಾರದ್ದೂ ಬೇಡ, ಆದ್ರೆ ಬರೀರಿ. ಕನ್ನಡದಲ್ಲೇ ಬರೀರಿ."

"ಈಗ ಬರೆದು ಏನಾಗುತ್ತೆ?" ಎಂದೆ.

ಅವಳು ಕೈಗವಸು ಹಾಕಿಕೊಳ್ಳುತ್ತ ಹೇಳಿದಳು: "ಆ ಮನೆಯವರು ಅವನಿಗೆ ಮತ್ತೆ ಹುಡುಗಿ ನೋಡ್ತಿದಾರಂತೆ."